ಡೇ ಕೇರ್ ಕೀಮೊ ಕ್ಲಿನಿಕ್ಕಿಗೆ ಕ್ಯಾನ್ಸರ್ ಔಷಧ ತರಿಸುವುದು: ಲೈಸೆನ್ಸು, ಬಿಲ್ಲು, ಆಮದು ಪರ್ಮಿಟ್ಟು

ಪ್ರಶ್ನೆ: ಡೇಕೇರ್_ನಿರ್ವಹಣೆ

ಜಿಲ್ಲಾ ಕೇಂದ್ರವೊಂದರಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆ) ನೋಂದಣಿ ಇರುವ ನಾಲ್ಕು ಹಾಸಿಗೆಯ ಡೇ ಕೇರ್ ಕ್ಲಿನಿಕ್ ನಮ್ಮದು. ಮೆಡಿಕಲ್ ಆಂಕಾಲಜಿಸ್ಟ್ (ಕ್ಯಾನ್ಸರ್ ಔಷಧ ತಜ್ಞರು) ವಾರಕ್ಕೆರಡು ದಿನ ಬೆಂಗಳೂರಿನಿಂದ ಬರುತ್ತಾರೆ. ಸದ್ಯ ರೋಗಿಗಳ ಕಡೆಯವರೇ ಔಷಧ ಹುಡುಕಿ ತರುತ್ತಾರೆ. ಇನ್ನು ಮುಂದೆ ಕ್ಲಿನಿಕ್ಕಿನಿಂದಲೇ ಒದಗಿಸೋಣ ಎಂದಿದ್ದೇವೆ. ಬಲ್ಲವರಿಂದ ತಿಳಿಯಬೇಕಾದದ್ದು ಇಷ್ಟು:

ಡಾಕ್ಟರ ಹೆಸರಿನಲ್ಲಿ ತರಿಸಿ ರೋಗಿಗೆ ಹಾಕಿದರೆ ಸಾಕೇ, ಅಥವಾ ಡ್ರಗ್ ಲೈಸೆನ್ಸ್ ಬೇಕೇ ಬೇಕೇ? ವಾಟ್ಸಾಪಿನಲ್ಲಿ ಒಬ್ಬ ಸಪ್ಲೈಯರ್ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೊ ಔಷಧವನ್ನು ಎಂಆರ್‌ಪಿಗಿಂತ ಶೇ. 70 ಕಡಿಮೆಗೆ, ಪೆಂಬ್ರೊಲಿಜುಮ್ಯಾಬ್ ಎಂಬ ಆಮದು ಔಷಧದ 100 ಎಂಜಿ ವಯಲನ್ನು (ಇಂಜೆಕ್ಷನ್ ಸೀಸೆ) ಅರ್ಧ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಇವೆರಡರಲ್ಲಿ ಯಾವುದನ್ನು ನಂಬಬಹುದು? ರೋಗಿಯ ಕಡೆಯವರು ತಾವೇ ತಂದ ಔಷಧವನ್ನು ಹಾಕಲು ಒಪ್ಪಬಹುದೇ? ನಮ್ಮ ದೇಶದಲ್ಲಿ ಮಾರಾಟಕ್ಕೇ ಇಲ್ಲದ ಔಷಧವನ್ನು ಡಾಕ್ಟರು ಬರೆದರೆ ತರಿಸುವ ದಾರಿ ಯಾವುದು?

ಉತ್ತರ 1: ಸಗಟು_ಫಾರ್ಮಸಿಸ್ಟ್

ಮೊದಲು ಲೈಸೆನ್ಸು. 1945ರ ಔಷಧ ನಿಯಮಗಳ ಶೆಡ್ಯೂಲ್ ಕೆಯಲ್ಲಿ ನೋಂದಾಯಿತ ವೈದ್ಯರಿಗೆ ಒಂದು ವಿನಾಯಿತಿ ಇದೆ. ಅವರು ತಮ್ಮ ಸ್ವಂತ ರೋಗಿಗೆ ಔಷಧ ಕೊಡಬಹುದು, ಆದರೆ ಅಂಗಡಿ ತೆರೆದಿರಬಾರದು, ಕೌಂಟರಿನಲ್ಲಿ ಮಾರಬಾರದು. ಲೈಸೆನ್ಸ್ ಇರುವ ಡೀಲರ್ ಅಥವಾ ತಯಾರಕರಿಂದ ಮಾತ್ರ ಕೊಂಡಿರಬೇಕು. ಹೆಸರು, ಪ್ರಮಾಣ, ಬ್ಯಾಚ್ ನಂಬರು, ತಯಾರಕರ ವಿಳಾಸ ಇರುವ ಖರೀದಿ ದಾಖಲೆ ಇಟ್ಟು ಇನ್‌ಸ್ಪೆಕ್ಟರ್ ಕೇಳಿದಾಗ ತೋರಿಸಬೇಕು. ಈ ವಿನಾಯಿತಿ ವೈದ್ಯರಿಗೆ ಸೇರಿದ್ದೇ ಹೊರತು ಕ್ಲಿನಿಕ್ಕಿಗಲ್ಲ. ವಾರಕ್ಕೆರಡು ದಿನ ಬರುವವರ ಹೆಸರಿನಲ್ಲಿ ವಾರವಿಡೀ ಸ್ಟಾಕು ಇಟ್ಟುಕೊಂಡು, ಕ್ಲಿನಿಕ್ಕಿನ ಜಿಎಸ್‌ಟಿ ನಂಬರಿನಲ್ಲಿ ಔಷಧಕ್ಕೆ ಪ್ರತ್ಯೇಕ ಬಿಲ್ ಹಾಕಿ, ಬೇರೆ ವೈದ್ಯರ ಚೀಟಿಗೂ ಕೊಡತೊಡಗಿದರೆ ಅದು ಮಾರಾಟವೇ ಆಯಿತು. ಲೈಸೆನ್ಸ್ ಇಲ್ಲದ ಮಾರಾಟಕ್ಕೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 18(ಸಿ) ಸೆಕ್ಷನ್ ಅನ್ವಯಿಸುತ್ತದೆ. 27ನೇ ಸೆಕ್ಷನ್ನಿನ ಪ್ರಕಾರ ಕನಿಷ್ಠ ಮೂರು ವರ್ಷ ಜೈಲು.

ಹಾಗಾಗಿ ರಿಟೇಲ್ ಲೈಸೆನ್ಸ್ ತೆಗೆದುಕೊಳ್ಳಿ. ಫಾರಂ 20 ಮತ್ತು ಫಾರಂ 21, ಎರಡೂ ಬೇಕು. ಇಂಜೆಕ್ಷನ್ ರೂಪದ ಔಷಧಗಳು ಶೆಡ್ಯೂಲ್ ಸಿಗೆ ಸೇರುವುದರಿಂದ 21 ಇಲ್ಲದೆ ಕೀಮೊ ವಯಲ್ ಇಡುವಂತಿಲ್ಲ. ಮಾತ್ರೆಗಳಿಗೆ, ಅಂದರೆ ಕ್ಯಾಪೆಸಿಟಾಬಿನ್, ಇಮ್ಯಾಟಿನಿಬ್, ಲೆಟ್ರೊಜೋಲ್ ಇಂಥವಕ್ಕೆ ಫಾರಂ 20. ಕನಿಷ್ಠ 10 ಚದರ ಮೀಟರ್ ಜಾಗ, ಫ್ರಿಜ್ಜು, ರಾಜ್ಯ ಫಾರ್ಮಸಿ ಕೌನ್ಸಿಲಿನಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಇರಬೇಕು. ನಿಮ್ಮ ಸರ್ಕಲ್ಲಿನ ಸಹಾಯಕ ಔಷಧ ನಿಯಂತ್ರಕರ ಕಡೆಯಿಂದ ಸ್ಥಳ ಪರಿಶೀಲನೆ ನಡೆಯುತ್ತದೆ. ಸಾಮಾನ್ಯವಾಗಿ ಅರ್ಜಿ ನಿಲ್ಲುವುದು ಮೂರು ಕಾರಣಕ್ಕೆ: ಬಾಡಿಗೆ ಕರಾರಿನಲ್ಲಿರುವ ವಿಳಾಸಕ್ಕೂ ನಕ್ಷೆಯಲ್ಲಿರುವ ವಿಳಾಸಕ್ಕೂ ಹೊಂದಿಕೆ ಇಲ್ಲದಿರುವುದು, ಫಾರ್ಮಸಿಸ್ಟರ ಹೆಸರು ಇನ್ನೂ ಹಳೆಯ ಅಂಗಡಿಯಲ್ಲೇ ಉಳಿದಿರುವುದು, ಫ್ರಿಜ್ಜಿಗೆ ಪವರ್ ಬ್ಯಾಕಪ್ ತೋರಿಸದಿರುವುದು. ಒಮ್ಮೆ ಸಿಕ್ಕ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ರಿಟೆನ್ಷನ್ ಶುಲ್ಕ ಕಟ್ಟುತ್ತಿದ್ದರೆ ಮುಂದುವರಿಯುತ್ತದೆ. ತಾರೀಕು ಮರೆತವರು ಬಹಳ.

ಈಗ ಬೆಲೆಯ ವಿಚಾರ. ಎರಡು ಆಫರುಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೊಪ್ಲಾಟಿನ್, ಜೆಮ್‌ಸಿಟಾಬಿನ್, ಡೊಸೆಟ್ಯಾಕ್ಸೆಲ್ ಇವನ್ನೆಲ್ಲ ಹತ್ತಾರು ಕಂಪನಿಗಳು ಮಾಡುತ್ತವೆ. ಮುದ್ರಿತ ಎಂಆರ್‌ಪಿಗೂ ಆಸ್ಪತ್ರೆಗೆ ಬರುವ ದರಕ್ಕೂ ದೊಡ್ಡ ಅಂತರ ಇರುವುದು ಈ ವ್ಯಾಪಾರದಲ್ಲಿ ಮಾಮೂಲು. ಎನ್‌ಪಿಪಿಎ (ಕೇಂದ್ರದ ಔಷಧ ಬೆಲೆ ನಿಯಂತ್ರಣ ಸಂಸ್ಥೆ) 2019ರ ಫೆಬ್ರುವರಿಯಲ್ಲಿ 42 ಕ್ಯಾನ್ಸರ್ ಔಷಧಗಳ ಟ್ರೇಡ್ ಮಾರ್ಜಿನ್ನಿಗೆ (ನಡುವಿನ ವ್ಯಾಪಾರಿಗಳ ಲಾಭ) ಶೇ. 30ರ ಮಿತಿ ಹಾಕಿದ್ದೇ ಈ ಅಂತರ ಮಿತಿಮೀರಿದ್ದರಿಂದ. ಆದ್ದರಿಂದ ಜೆನರಿಕ್ಕಿನಲ್ಲಿ ಶೇ. 70 ರಿಯಾಯಿತಿ ಎಂದೊಡನೆ ನಕಲಿ ಎನ್ನಲಾಗದು. ಲೈಸೆನ್ಸು, ಬಿಲ್ಲು ಸರಿಯಿದ್ದರೆ ಕೊಳ್ಳಬಹುದು.

ಪೆಂಬ್ರೊಲಿಜುಮ್ಯಾಬ್ ಹಾಗಲ್ಲ. ಕಂಪನಿ ಆಮದು ಮಾಡಿ, ಬೆರಳೆಣಿಕೆಯ ಸ್ಟಾಕಿಸ್ಟರ ಮೂಲಕ ಮಾತ್ರ ಹಂಚುವ ಔಷಧ ಅದು. ಇಂಥದ್ದರಲ್ಲಿ ನಡುವಿನವರಿಗೆ ಸಿಗುವ ಮಾರ್ಜಿನ್ ಪೂರ್ತಿ ಬಿಟ್ಟುಕೊಟ್ಟರೂ ಅರ್ಧ ಬೆಲೆಗೆ ಬರುವುದಿಲ್ಲ. ಬಂದರೆ ಮೂಲ ನಾಲ್ಕರಲ್ಲಿ ಒಂದು: ಕಂಪನಿಯ ಪೇಷೆಂಟ್ ಸಪೋರ್ಟ್ ಪ್ರೋಗ್ರಾಮಿನಿಂದ (ರೋಗಿ ಸಹಾಯ ಯೋಜನೆ) ಕದ್ದ ಉಚಿತ ವಯಲ್, ಬೇರೆ ದೇಶಕ್ಕೆಂದು ಮಾಡಿದ ಪ್ಯಾಕು, ಫ್ರಿಜ್ಜಿನಿಂದ ಹೊರಬಿದ್ದು ಕೆಟ್ಟದ್ದು, ಇಲ್ಲವೇ ನಕಲಿ. 2024ರ ಮಾರ್ಚಿನಲ್ಲಿ ದೆಹಲಿ ಪೊಲೀಸರ ಕ್ರೈಂ ಬ್ರಾಂಚ್ ಹಿಡಿದ ಜಾಲ ನೆನಪಿಸಿಕೊಳ್ಳಿ. ಬಳಸಿ ಬಿಟ್ಟ ದುಬಾರಿ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿ ಬಳಸುವ ಚಿಕಿತ್ಸೆ) ವಯಲ್‌ಗಳನ್ನು ಕೊಂಡು, ಅದರಲ್ಲಿ ಫಂಗಸ್ ಸೋಂಕಿನ ಔಷಧ ಫ್ಲುಕೊನಜೋಲ್ ತುಂಬಿ ಮಾರುತ್ತಿದ್ದರು. ಆಸ್ಪತ್ರೆ ಸಿಬ್ಬಂದಿಯೂ ಅದರಲ್ಲಿದ್ದರು. ಗಾಜು ಅಸಲಿ, ಲೇಬಲ್ ಅಸಲಿ, ಒಳಗಿನ ದ್ರವವೂ ಅಸಲಿಯಂತೆಯೇ ತಿಳಿ. ಕಣ್ಣಿನಿಂದ ನೋಡಿ ಪತ್ತೆ ಹಚ್ಚುತ್ತೇನೆ ಎಂಬ ಧೈರ್ಯ ಯಾರಿಗೂ ಬೇಡ.

ಅಂದರೆ ನಿಮ್ಮನ್ನೂ ರೋಗಿಯನ್ನೂ ಕಾಯುವುದು ಬಿಲ್ಲು. ಕಾಯ್ದೆಯ 19(3)ನೇ ಸೆಕ್ಷನ್ ಓದಿ. ತಯಾರಕನಲ್ಲದವನ ಬಳಿ ನಕಲಿ ಔಷಧ ಸಿಕ್ಕಾಗ ಅವನು ಪಾರಾಗಬೇಕಾದರೆ ಮೂರು ಸಂಗತಿ ಸಾಬೀತಾಗಬೇಕು: ಲೈಸೆನ್ಸ್ ಇದ್ದವರಿಂದಲೇ ಕೊಂಡಿದ್ದು, ಸಾಕಷ್ಟು ಎಚ್ಚರ ವಹಿಸಿದರೂ ದೋಷ ತಿಳಿಯುವಂತಿರಲಿಲ್ಲ ಎನ್ನುವುದು, ಕೊಂಡ ಸ್ಥಿತಿಯಲ್ಲೇ ಸರಿಯಾಗಿ ಶೇಖರಿಸಿದ್ದು. ಬಿಲ್ಲಿಲ್ಲದೆ ಕೊಂಡವನಿಗೆ ಮೊದಲನೆಯದೇ ಇಲ್ಲ. ನಕಲಿ ಔಷಧದಿಂದ ಸಾವಾದರೆ ಶಿಕ್ಷೆ ಹತ್ತು ವರ್ಷದಿಂದ ಜೀವಾವಧಿ.

ಹೊಸ ಸ್ಟಾಕಿಸ್ಟರನ್ನು ಸೇರಿಸುವಾಗ ಅವರ 20ಬಿ, 21ಬಿ ಸಗಟು ಲೈಸೆನ್ಸಿನ ಪ್ರತಿ ಕೇಳಿ, ನಂಬರನ್ನು ಔಷಧ ನಿಯಂತ್ರಣ ಕಚೇರಿಯಲ್ಲಿ ತಾಳೆ ನೋಡಿ. ಲೈಸೆನ್ಸಿನಲ್ಲಿರುವ ವಿಳಾಸದಿಂದಲೇ ಮಾಲು ಹೊರಡಬೇಕು. ಆಮದು ಔಷಧಗಳಿಗೂ ಜೀವಕೋಶಗಳಿಂದ ತಯಾರಾಗುವ ಬಯಾಲಜಿಕ್‌ಗಳಿಗೂ ಕಂಪನಿ ಕೊಟ್ಟ ಅಧಿಕೃತ ಸ್ಟಾಕಿಸ್ಟ್ ಪತ್ರ ಬೇಕು. ಪತ್ರವನ್ನು ಸ್ಟಾಕಿಸ್ಟ್ ತೋರಿಸಿದ ಫೋನ್ ನಂಬರಿಗಲ್ಲ, ಪ್ಯಾಕಿನ ಮೇಲಿರುವ ಕಂಪನಿಯ ವಿಳಾಸಕ್ಕೆ ಬರೆದು ಖಚಿತಪಡಿಸಿಕೊಳ್ಳಿ. ಬಿಲ್ಲಿನಲ್ಲಿ ನಿಮ್ಮ ಲೈಸೆನ್ಸ್ ನಂಬರು, ಅವರದು, ಔಷಧದ ಹೆಸರು, ಬಲ, ಪ್ರಮಾಣ, ತಯಾರಕರು, ಬ್ಯಾಚು, ಎಕ್ಸ್‌ಪೈರಿ, ಎಂಆರ್‌ಪಿ ಇರಬೇಕು. ‘ಅಸಾರ್ಟೆಡ್ ಬ್ಯಾಚ್’ ಎಂದು ಬರೆದ ಬಿಲ್ಲನ್ನು ವಾಪಸ್ ಕಳಿಸಿ. ಹಣ ಬಿಲ್ಲಿನಲ್ಲಿರುವ ಸಂಸ್ಥೆಯ ಬ್ಯಾಂಕ್ ಖಾತೆಗೇ ಹೋಗಲಿ, ಯಾರದೋ ಸ್ವಂತ ಯುಪಿಐಗೆ ಬೇಡ.

ಆಮದಾದ ಪ್ಯಾಕಿನ ಮೇಲೆ ಆಮದುದಾರರ ಹೆಸರು, ಭಾರತದ ವಿಳಾಸ, ಆಮದು ಲೈಸೆನ್ಸ್ ನಂಬರು, ರೂಪಾಯಿಯಲ್ಲಿ ಎಂಆರ್‌ಪಿ ಇರಲೇಬೇಕು. ಟರ್ಕಿ ಭಾಷೆಯ ಲೇಬಲ್ಲು ಅಥವಾ ಬಾಂಗ್ಲಾದೇಶದ ಜೆನರಿಕ್ ಪ್ಯಾಕು ಇವಿಲ್ಲದೆ ಬಂದರೆ, ಒಳಗಿನ ಔಷಧ ಒಳ್ಳೆಯದೇ ಇರಬಹುದು, ಆದರೂ ಇಲ್ಲಿ ಅದನ್ನು ಮಾರುವುದು ಅಕ್ರಮ. ಕ್ಯೂಆರ್ ಕೋಡ್ ಇಲ್ಲ ಎಂಬ ಒಂದೇ ಕಾರಣಕ್ಕೆ ಹೆದರಬೇಡಿ. 2023ರ ಆಗಸ್ಟ್‌ನಿಂದ ಕಡ್ಡಾಯವಾದದ್ದು 300 ಬ್ರಾಂಡುಗಳಿಗೆ, ಅದರಲ್ಲಿ ಹೆಚ್ಚಿನವು ಜ್ವರ, ನೋವು, ಆಂಟಿಬಯೋಟಿಕ್, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು.

ಉತ್ತರ 2: ಆಂಕೊ_ಫಾರ್ಮಸಿ

ಮೇಲಿನದಕ್ಕೆ ಸೇರಿಸಬೇಕಾದದ್ದು, ಮಾಲು ಬಾಗಿಲಿಗೆ ಬಂದ ಮೇಲಿನ ಕಥೆ. ಸರಿಯಾದ ಜಾಗದಿಂದ ಕೊಂಡ ಔಷಧವೂ ಕೆಡುವುದು ಇಲ್ಲಿಯೇ.

ಟ್ರಾಸ್ಟುಜುಮ್ಯಾಬ್, ರಿಟುಕ್ಸಿಮ್ಯಾಬ್, ಬೆವಾಸಿಜುಮ್ಯಾಬ್, ಪೆಂಬ್ರೊಲಿಜುಮ್ಯಾಬ್, ವಿನ್‌ಕ್ರಿಸ್ಟಿನ್, ಆಸ್ಪರಾಜಿನೇಸ್ ಇವು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಎಲ್ಲರೂ ಬಿಸಿಗೆ ಹೆದರುತ್ತಾರೆ, ಹೆಪ್ಪುಗಟ್ಟುವುದನ್ನು ಮರೆಯುತ್ತಾರೆ. ಫ್ರೀಜರಿನಿಂದ ತೆಗೆದ ಜೆಲ್ ಪ್ಯಾಕನ್ನು ನೇರವಾಗಿ ಪೆಟ್ಟಿಗೆಗೆ ತಾಗಿಸಿ ಕಟ್ಟಿ ಬಸ್ಸಿಗೆ ಹಾಕಿದರೆ ಅದನ್ನು ತಾಗಿದ ವಯಲ್ ಸೊನ್ನೆಗಿಂತ ಕೆಳಗೆ ಹೋಗಿ ಬರುತ್ತದೆ. ಬಂದಾಗ ನೀರಾಗಿಯೇ ಕಾಣುತ್ತದೆ, ಪ್ರೋಟೀನು ಮಾತ್ರ ಹಾಳು. ಜೆಲ್ ಪ್ಯಾಕು ಮೇಲ್ಮೈ ಬೆವರುವವರೆಗೆ ಹೊರಗಿಟ್ಟು, ನಡುವೆ ರಟ್ಟು ಅಥವಾ ಬಬಲ್ ಹಾಳೆ ಇಟ್ಟು ಕಟ್ಟಬೇಕು, ಒಳಗೊಂದು ಉಷ್ಣಾಂಶ ದಾಖಲಿಸುವ ಡೇಟಾ ಲಾಗರ್ ಇರಬೇಕು ಎಂದು ಆರ್ಡರಿನಲ್ಲೇ ಬರೆಯಿರಿ. ಲಾಗರಿನ ಗ್ರಾಫು ನೋಡದೆ ಕೋಲ್ಡ್ ಚೈನ್ (ತಣ್ಣಗೇ ಸಾಗಿಸಬೇಕಾದ) ಮಾಲಿಗೆ ಸಹಿ ಹಾಕಬೇಡಿ.

ಎಲ್ಲವನ್ನೂ ಫ್ರಿಜ್ಜಿಗೆ ತುರುಕುವುದೂ ತಪ್ಪು. ಸಿಸ್‌ಪ್ಲಾಟಿನ್ ದ್ರಾವಣ ಫ್ರಿಜ್ಜಿನಲ್ಲಿ ಹರಳುಗಟ್ಟುತ್ತದೆ. ಪುಡಿಯಾಗಿ ಬರುವ ಜೆಮ್‌ಸಿಟಾಬಿನ್ನನ್ನು ಕರಗಿಸಿದ ಮೇಲೆ ತಣ್ಣಗಿಟ್ಟರೂ ಅಷ್ಟೇ. ಕಾರ್ಬೊಪ್ಲಾಟಿನ್ ಕೋಣೆಯ ಉಷ್ಣದಲ್ಲಿ, ಬೆಳಕಿನಿಂದ ಮರೆಯಾಗಿರಲಿ. ಡೊಸೆಟ್ಯಾಕ್ಸೆಲ್ ಕಂಪನಿಯಿಂದ ಕಂಪನಿಗೆ ಬೇರೆ, ಪೆಟ್ಟಿಗೆ ಓದಿಯೇ ಇಡಬೇಕು. ಫ್ರಿಜ್ಜು ಮನೆಬಳಕೆಯದಾದರೆ ಬಾಗಿಲಿನ ಕಪಾಟು, ಹಿಂಗೋಡೆ ಎರಡೂ ಬೇಡ, ನಡುವಿನ ತಟ್ಟೆ ಮಾತ್ರ. ದಿನಕ್ಕೆರಡು ಬಾರಿ ಉಷ್ಣಾಂಶ ಬರೆದಿಡಿ, ಭಾನುವಾರವೂ.

ಆರ್ಡರ್ ಎಷ್ಟು ಹಾಕಬೇಕು ಎನ್ನುವುದು ಹಣ ಉಳಿಸುವ ಜಾಗ. ಚಿಕ್ಕ ಕ್ಲಿನಿಕ್ಕು ದುಬಾರಿ ಔಷಧವನ್ನು ಸ್ಟಾಕು ಮಾಡಬಾರದು. ಪ್ರತಿ ರೋಗಿಯ ಹೆಸರಿಗೆ, ದಿನಕ್ಕೆ, ಡೋಸಿಗೆ ತಕ್ಕಂತೆ ತರಿಸಿ. ಬೆವಾಸಿಜುಮ್ಯಾಬ್ 15 ಎಂಜಿ ಪ್ರತಿ ಕಿಲೋಗೆ ಎಂದಾದರೆ 60 ಕಿಲೋ ರೋಗಿಗೆ 900 ಎಂಜಿ. 400ರ ಎರಡು, 100ರ ಒಂದು, ಚೂರೂ ಉಳಿಯುವುದಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಚದರ ಮೀಟರಿಗೆ 175 ಎಂಜಿ, ದೇಹದ ಮೇಲ್ಮೈ 1.6 ಚದರ ಮೀಟರ್ ಆದರೆ 280 ಎಂಜಿ. 260ರ ಒಂದು, 30ರ ಒಂದು ಸಾಕು, 100ರ ಮೂರು ತಂದರೆ 20 ಎಂಜಿ ಚರಂಡಿಗೆ. ಟ್ರಾಸ್ಟುಜುಮ್ಯಾಬ್ ಮೊದಲ ಡೋಸು 8 ಎಂಜಿ ಪ್ರತಿ ಕಿಲೋಗೆ, ಆಮೇಲೆ ಮೂರು ವಾರಕ್ಕೊಮ್ಮೆ 6. ಅದೇ 60 ಕಿಲೋಗೆ 480, ನಂತರ 360. 440ರ ವಯಲನ್ನು ಜೊತೆಗೆ ಬರುವ ಬ್ಯಾಕ್ಟೀರಿಯೊಸ್ಟ್ಯಾಟಿಕ್ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ) ನೀರಿನಲ್ಲೇ ಕರಗಿಸಿದರೆ 2ರಿಂದ 8 ಡಿಗ್ರಿಯಲ್ಲಿ 28 ದಿನ ಇಡಬಹುದು, ಉಳಿದದ್ದು ಮುಂದಿನ ಸರದಿಗೆ ಸಿಗುತ್ತದೆ. ಮಾಮೂಲು ಸ್ಟೆರೈಲ್ ನೀರಿನಲ್ಲಿ ಕರಗಿಸಿದರೆ ಈ 28 ದಿನ ಅನ್ವಯಿಸುವುದಿಲ್ಲ, ತಕ್ಷಣ ಬಳಸಿ ಉಳಿದದ್ದನ್ನು ಚೆಲ್ಲಬೇಕು. ಆ ನೀರಿನ ಬಾಟಲಿಯನ್ನು ಎಲ್ಲೋ ಇಟ್ಟು ಕಳೆದುಕೊಳ್ಳುವುದರಿಂದ ಎಷ್ಟೋ ಔಷಧ ವ್ಯರ್ಥವಾಗುತ್ತದೆ. ಕರಗಿಸುವಾಗ ಕುಲುಕಬೇಡಿ, ನೊರೆ ಬರುತ್ತದೆ, ಮೆಲ್ಲಗೆ ತಿರುಗಿಸಿ.

ಟ್ರಾಸ್ಟುಜುಮ್ಯಾಬ್ ಹೆಸರು ಬಂದಿದ್ದರಿಂದ ಹೇಳುತ್ತೇನೆ. ಬೆಂಗಳೂರಿನ ಬಯೋಕಾನ್ ಮಾಡಿದ ಇದರ ಬಯೋಸಿಮಿಲರಿಗೆ (ಮೂಲ ಔಷಧವನ್ನು ಹೋಲುವ ಆವೃತ್ತಿ) ಭಾರತದಲ್ಲಿ 2013ರಲ್ಲಿ, ಅಮೆರಿಕದ ಎಫ್‌ಡಿಎಯಿಂದ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಡಾಕ್ಟರು ಒಪ್ಪಿದರೆ ಮೂಲ ಬ್ರಾಂಡಿನ ಹಿಂದೆ ಬೀಳದೆ ಇಂಥದ್ದನ್ನು ನೇರ ದಾರಿಯಲ್ಲಿ ಕೊಳ್ಳುವುದು, ಮೂಲ ಬ್ರಾಂಡನ್ನು ಅಡ್ಡದಾರಿಯಲ್ಲಿ ಅಗ್ಗಕ್ಕೆ ಹುಡುಕುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಚಿಕಿತ್ಸೆಯ ನಡುವೆ ಡಾಕ್ಟರಿಗೆ ತಿಳಿಸದೆ ಬ್ರಾಂಡ್ ಬದಲಿಸಬೇಡಿ, ಕೊಟ್ಟ ಬ್ರಾಂಡು ಮತ್ತು ಬ್ಯಾಚು ರೋಗಿಯ ಫೈಲಿನಲ್ಲಿ ಬರೆದಿರಲಿ.

ಖಾಲಿ ವಯಲ್ ಬಗ್ಗೆ ಕಟ್ಟುನಿಟ್ಟಾಗಿರಿ. ದೆಹಲಿಯ ಜಾಲಕ್ಕೆ ಕಚ್ಚಾ ಮಾಲು ಅದೇ. ಇನ್‌ಫ್ಯೂಷನ್ ಮುಗಿದ ಕೂಡಲೇ ಮಾರ್ಕರಿನಿಂದ ಲೇಬಲ್ಲಿನ ಮೇಲೆ ಅಡ್ಡ ಬರೆದು, ಪೆಟ್ಟಿಗೆ ಹರಿದು, ವಯಲನ್ನು ಸೈಟೊಟಾಕ್ಸಿಕ್ (ಜೀವಕೋಶಕ್ಕೆ ವಿಷ) ಗುರುತಿನ ಹಳದಿ ಚೀಲಕ್ಕೆ ಹಾಕಿ, ಎಣಿಕೆಯನ್ನು ರಿಜಿಸ್ಟರಿನಲ್ಲಿ ಇಬ್ಬರು ಸಹಿ ಮಾಡಿ ಮುಗಿಸಿ. ಗಾಜನ್ನು ಒಡೆಯಬೇಡಿ, ಹನಿ ಹಾರಿದರೆ ಸಿಬ್ಬಂದಿಗೇ ಅಪಾಯ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಸೈಟೊಟಾಕ್ಸಿಕ್ ಕಸ 1200 ಡಿಗ್ರಿಗಿಂತ ಹೆಚ್ಚು ಉಷ್ಣದಲ್ಲಿ ಸುಡಬೇಕು, ಅವಧಿ ಮೀರಿದ್ದನ್ನು ತಯಾರಕರಿಗೆ ಮರಳಿಸಬಹುದು. ‘ನೆನಪಿಗೆ’ ಎಂದು ಖಾಲಿ ವಯಲ್ ಕೇಳುವವರಿಗೆ ಕೊಡಬೇಡಿ. ಪೇಷೆಂಟ್ ಪ್ರೋಗ್ರಾಮಿನವರು ವಾಪಸ್ ಕೇಳಿದರೆ ಅವರ ಸ್ವೀಕೃತಿ ಪತ್ರ ಪಡೆದೇ ಒಪ್ಪಿಸಿ.

ಡೇಕೇರ್_ನಿರ್ವಹಣೆ

ಇಬ್ಬರಿಗೂ ಧನ್ಯವಾದ ಸರ್. ಪೆಂಬ್ರೊಲಿಜುಮ್ಯಾಬ್ ಆಫರ್ ಕೈಬಿಟ್ಟೆವು. ರೋಗಿಯವರು ತರುವ ಔಷಧದ ಬಗ್ಗೆ ಒಂದು ನಿಯಮ ಬರೆದು ಗೋಡೆಗೆ ಹಾಕಬೇಕೆಂದಿದ್ದೇವೆ. ತೀರಿಹೋದ ರೋಗಿಯ ಮನೆಯವರು ಉಳಿದ ವಯಲ್‌ಗಳನ್ನು ಬಡವರಿಗೆ ಕೊಡಿ ಎಂದು ತರುತ್ತಾರೆ, ಅದನ್ನು ಬೇಡವೆನ್ನಲು ಮನಸ್ಸು ಬರುವುದಿಲ್ಲ.

ಉತ್ತರ 3: ಸಗಟು_ಫಾರ್ಮಸಿಸ್ಟ್

ನಿಯಮ ಹೀಗಿರಲಿ: ಸೀಲು ಒಡೆಯದ ಪ್ಯಾಕು, ರೋಗಿಯ ಹೆಸರಿನಲ್ಲಿರುವ ಮೂಲ ಬಿಲ್ಲು; ಬಿಲ್ಲು, ಪೆಟ್ಟಿಗೆ, ವಯಲ್ ಮೂರರಲ್ಲೂ ಒಂದೇ ಬ್ಯಾಚ್ ನಂಬರು, ಕೋಲ್ಡ್ ಚೈನ್ ಔಷಧವಾದರೆ ಹಿಂದಿನ ದಿನವೇ ಅಂಗಡಿಯಿಂದ ನೇರ ನಿಮ್ಮ ಫ್ರಿಜ್ಜಿಗೆ. ಬಿಲ್ಲು ಕೊಟ್ಟ ಅಂಗಡಿಗೆ ಫೋನ್ ಮಾಡಿ ಆ ಬ್ಯಾಚು ಮಾರಿದ್ದಾರೆಯೇ ಎಂದು ಕೇಳುವುದಕ್ಕೆ ಐದು ನಿಮಿಷ ಸಾಕು. ಇದರಲ್ಲಿ ಒಂದು ತಪ್ಪಿದರೂ ಹಾಕುವುದಿಲ್ಲ ಎಂದು ಮೊದಲ ಭೇಟಿಯಲ್ಲೇ ಬರೆದು ಕೊಡಿ. ಹಣ ಸುರಿದು ತಂದ ಮೇಲೆ ಬೇಡ ಎಂದರೆ ಅವರು ಏನು ಮಾಡಬೇಕು?

ಆನ್‌ಲೈನಿನಲ್ಲಿ ತರಿಸಿದ್ದಾದರೂ ಬಿಲ್ಲಿನಲ್ಲಿ ಯಾವ ಲೈಸೆನ್ಸ್ ಪಡೆದ ಫಾರ್ಮಸಿ ಮಾರಿತು ಎನ್ನುವುದು ಇರಬೇಕು. ಆ್ಯಪಿನ ಹೆಸರು ಮಾತ್ರ ಇರುವ ರಸೀದಿ ಬಿಲ್ಲಲ್ಲ. ಚೀಟಿ ಕೇಳದೆಯೇ ಕೀಮೊ ಮಾತ್ರೆ ಕಳಿಸುವ ಜಾಲತಾಣದಿಂದ ದೂರ ಇರಿ.

ತೀರಿಹೋದವರ ಮನೆಯವರು ತರುವ ವಯಲ್ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಲೇಬೇಕು. ಆ ಔಷಧ ಯಾರ ಫ್ರಿಜ್ಜಿನಲ್ಲಿ, ಎಷ್ಟು ಸಲ ಕರೆಂಟ್ ಹೋದಾಗ ಹೇಗಿತ್ತು ಎನ್ನುವುದಕ್ಕೆ ಸಾಕ್ಷಿ ಇಲ್ಲ, ಅದನ್ನು ಇನ್ನೊಬ್ಬರ ರಕ್ತಕ್ಕೆ ಹಾಕುವವರು ನೀವು. ಅವರಿಗೆ ಮಾಡಬಹುದಾದ ಸಹಾಯ ಬೇರೆ ಇದೆ: ಬಿಲ್ಲಿದ್ದು, ಸೀಲಿದ್ದು, ಕೋಣೆಯ ಉಷ್ಣದ ಔಷಧವಾಗಿದ್ದರೆ ಕೊಂಡ ಅಂಗಡಿ ವಾಪಸ್ ತೆಗೆದುಕೊಳ್ಳುತ್ತದೆಯೇ ಎಂದು ನೀವೇ ಕೇಳಿ ಕೊಡಿ. ಮೊದಲೇ ಎರಡು ಮೂರು ಸೈಕಲ್ಲಿನದನ್ನು ಒಟ್ಟಿಗೆ ಕೊಳ್ಳಬೇಡಿ ಎಂದು ಹೇಳುವುದು ಇನ್ನೂ ಒಳ್ಳೆಯದು. ಕಾಯಿಲೆ ಬೆಳೆದರೆ ಡಾಕ್ಟರು ಔಷಧವನ್ನೇ ಬದಲಿಸುತ್ತಾರೆ.

ಉತ್ತರ 4: ಆಮದು_ಪರ್ಮಿಟ್

ಇಲ್ಲಿ ಮಾರಾಟಕ್ಕಿಲ್ಲದ ಔಷಧದ ಬಗ್ಗೆ. ಮೊದಲು ನಿಜವಾಗಿಯೂ ಇಲ್ಲವೇ ಎಂದು ನೋಡಿ. ಪ್ರೊಕಾರ್ಬಜಿನ್, ಆಕ್ಟಿನೊಮೈಸಿನ್ ಡಿ ಥರದ ಹಳೆಯ ಅಗ್ಗದ ಔಷಧಗಳು ಒಪ್ಪಿಗೆ ಇದ್ದೂ ಅಂಗಡಿಯಲ್ಲಿ ಸಿಗದಿರುವುದುಂಟು. ಅಂಥ ಹೊತ್ತಿನಲ್ಲಿ ತಯಾರಕ ಕಂಪನಿಗೆ ನೇರ ಬರೆಯುವುದು, ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಫಾರ್ಮಸಿಗೆ ರೋಗಿಯನ್ನು ಚೀಟಿಯೊಡನೆ ಕಳಿಸುವುದು ಆಮದಿಗಿಂತ ಬೇಗ ಕೆಲಸ ಮಾಡುತ್ತದೆ.

ಇಲ್ಲವೇ ಇಲ್ಲ ಎಂದಾದರೆ ದಾರಿ ಔಷಧ ನಿಯಮಗಳ 36ನೇ ನಿಯಮ, ಸ್ವಂತ ಬಳಕೆಗೆ ಆಮದು. ಅರ್ಜಿ ಫಾರಂ 12ಎ, ಪರ್ಮಿಟ್ ಫಾರಂ 12ಬಿ. ಕೇಂದ್ರದ ಔಷಧ ಸಂಸ್ಥೆ ಸಿಡಿಎಸ್‌ಸಿಓದ ಸುಗಮ್ ಪೋರ್ಟಲ್ಲಿನಲ್ಲಿ ಹಾಕಬೇಕು. ಅರ್ಜಿದಾರರು ರೋಗಿಯೇ ಹೊರತು ಕ್ಲಿನಿಕ್ಕಲ್ಲ. ನೋಂದಾಯಿತ ವೈದ್ಯರ ಚೀಟಿ, ರೋಗಿಯ ಗುರುತಿನ ಚೀಟಿ ಮತ್ತು ವಿಳಾಸ, ರೋಗನಿರ್ಣಯದ ವರದಿ ಜೊತೆಗಿರಲಿ. ತರಿಸುವ ಪ್ರಮಾಣ ಚೀಟಿಗೆ ತಕ್ಕಂತಿದ್ದು ಅಧಿಕಾರಿಗೆ ಸಮಂಜಸ ಎನಿಸಬೇಕು.

ಸಿಕ್ಕಿಹಾಕಿಕೊಳ್ಳುವುದು ಇಂಥಲ್ಲಿ: ಚೀಟಿಯಲ್ಲಿ ಡೋಸು ಇರುತ್ತದೆ, ಒಟ್ಟು ಎಷ್ಟು ಮಾತ್ರೆ ಅಥವಾ ವಯಲ್ ಎಂಬುದೇ ಇರುವುದಿಲ್ಲ, ಹಾಗಾಗಿ ‘ಇಷ್ಟು ಎಂಜಿ, ದಿನಕ್ಕಿಷ್ಟು, ಇಷ್ಟು ತಿಂಗಳು, ಒಟ್ಟು ಇಷ್ಟು’ ಎಂದು ಬರೆಸಿ. ಪರ್ಮಿಟ್ಟಿನಲ್ಲಿ ಔಷಧದ ಮೂಲ ಹೆಸರು, ವಿದೇಶದ ಇನ್‌ವಾಯ್ಸಿನಲ್ಲಿ ಬ್ರಾಂಡ್ ಹೆಸರು ಇದ್ದರೆ ಕಸ್ಟಮ್ಸಿನಲ್ಲಿ ಪಾರ್ಸೆಲ್ ನಿಲ್ಲುತ್ತದೆ, ಎರಡನ್ನೂ ಎರಡು ಕಡೆಯೂ ಬರೆಸಬೇಕು. ಆಧಾರಿನಲ್ಲಿರುವ ಹೆಸರು, ಚೀಟಿಯ ಹೆಸರು, ಏರ್‌ವೇ ಬಿಲ್ಲಿನ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ತಂದೆಯ ಹೆಸರು, ಊರಿನ ಹೆಸರು, ಇನಿಶಿಯಲ್ ಎಂದು ನಮ್ಮವರ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇರುವುದರಿಂದ ಇದೇ ದೊಡ್ಡ ತಲೆನೋವು. ಎಲ್ಲಕ್ಕಿಂತ ಮುಖ್ಯ, ಪರ್ಮಿಟ್ ಕೈಗೆ ಬರುವ ಮೊದಲು ಔಷಧವನ್ನು ವಿಮಾನಕ್ಕೆ ಹಾಕಿಸಬೇಡಿ. ಕೋಲ್ಡ್ ಚೈನ್ ಪೆಟ್ಟಿಗೆ ಕಾರ್ಗೋದಲ್ಲಿ ಕಾಗದಕ್ಕಾಗಿ ಕಾಯುತ್ತಾ ಕುಳಿತರೆ ಹಣವೂ ಔಷಧವೂ ಹೋಯಿತು. ಅಂಥ ಔಷಧಕ್ಕೆ ಕಸ್ಟಮ್ಸ್ ಏಜೆಂಟರನ್ನು ಮೊದಲೇ ಗೊತ್ತು ಮಾಡಿ, ವಾರಾಂತ್ಯಕ್ಕೆ ಬಂದಿಳಿಯದಂತೆ ದಿನ ಆರಿಸಿ.

ಸುಂಕದ ವಿನಾಯಿತಿ ಸಾಮಾನ್ಯವಾಗಿ ಔಷಧದ ಹೆಸರಿನ ಮೇಲೆ ನಿಂತಿದೆ. 2024ರ ಜುಲೈ ಬಜೆಟ್ಟಿನಲ್ಲಿ ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್, ಒಸಿಮೆರ್ಟಿನಿಬ್, ಡುರ್ವಾಲುಮ್ಯಾಬ್ ಮೂರಕ್ಕೆ, 2025ರ ಬಜೆಟ್ಟಿನಲ್ಲಿ ಇನ್ನೂ 36 ಜೀವರಕ್ಷಕ ಔಷಧಗಳಿಗೆ ಮೂಲ ಸುಂಕ ತೆಗೆದರು. ನಿಮ್ಮದು ಪಟ್ಟಿಯಲ್ಲಿದೆಯೇ ಎಂದು ಏಜೆಂಟರಿಂದ ಅಧಿಸೂಚನೆಯ ಪ್ರತಿ ಪಡೆದು ನೋಡಿ.

ಈ ಪರ್ಮಿಟ್ಟಿನಲ್ಲಿ ಬಂದ ಔಷಧ ಆ ರೋಗಿಯೊಬ್ಬರಿಗೆ ಮಾತ್ರ. ಉಳಿದದ್ದನ್ನು ಇನ್ನೊಬ್ಬರಿಗೆ ಕೊಡುವುದಾಗಲಿ, ಮಾರುವುದಾಗಲಿ ಕೂಡದು. ಹೊಸ ಔಷಧ, ದೇಶದಲ್ಲಿ ಒಪ್ಪಿಗೆಯೇ ಇಲ್ಲ, ಹಲವು ರೋಗಿಗಳಿಗೆ ಬೇಕು ಎಂದಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಸಿಟಿ-24 ಅರ್ಜಿ ಇದೆ, ಅದು ಸರ್ಕಾರಿ ಆಸ್ಪತ್ರೆ ಮತ್ತು ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿಗೆ. ನಾಲ್ಕು ಹಾಸಿಗೆಯ ಕ್ಲಿನಿಕ್ಕು ಅದರ ಗೋಜಿಗೆ ಹೋಗದೆ ರೋಗಿಯನ್ನು ಅಂಥ ಸಂಸ್ಥೆಗೆ ರೆಫರ್ ಮಾಡುವುದು ಲೇಸು.

ಉತ್ತರ 5: ರೋಗಿ_ಸಹಾಯ

ಕ್ಲಿನಿಕ್ಕಿನವರು ಔಷಧ ತರಿಸುವ ಮುನ್ನ ಆ ರೋಗಿ ಹಣ ಕೊಡಬೇಕಾಗಿದೆಯೇ ಎಂದೇ ಕೇಳಬೇಕು, ದಯವಿಟ್ಟು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಕೀಮೊ ಪ್ಯಾಕೇಜಿನಲ್ಲಿ ಔಷಧವೂ ಸೇರಿದೆ, ಪಟ್ಟಿಯಲ್ಲಿರುವ ಆಸ್ಪತ್ರೆ ಹೊರಗಿನಿಂದ ತನ್ನಿ ಎನ್ನುವಂತಿಲ್ಲ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ರೇಷನ್ ಕಾರ್ಡು, ಆಧಾರ್, ಬಯಾಪ್ಸಿ ವರದಿ ಇಟ್ಟುಕೊಂಡು ಹೋಗಬೇಕು. ಚಿಕಿತ್ಸೆ ಶುರುವಾದ ಮೇಲೆ ಹಳೆಯ ಖರ್ಚನ್ನು ಯೋಜನೆಗೆ ಸೇರಿಸಿ ಎಂದರೆ ಆಗುವುದಿಲ್ಲ, ಅದಕ್ಕೇ ಮೊದಲ ಡೋಸಿಗೂ ಮುನ್ನ ಕೇಳಬೇಕಾದದ್ದು. ಕಿದ್ವಾಯಿ ಸಂಸ್ಥೆಯ ಜೊತೆಗೂಡಿ ರಾಜ್ಯ ಸರ್ಕಾರ 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೊ ಕೇಂದ್ರಗಳನ್ನು ಶುರು ಮಾಡಿದೆ, ನಿಮ್ಮ ಜಿಲ್ಲೆಯಲ್ಲಿ ಇದ್ದರೆ ಬಡ ರೋಗಿಯನ್ನು ಅಲ್ಲಿಗೆ ಕಳಿಸಿ.

ಬೆಲೆಯ ಬಗ್ಗೆ ಇನ್ನೊಂದು ಮಾತು. ಕಿದ್ವಾಯಿ, ಟಾಟಾ ಮೆಮೋರಿಯಲ್ ಇಂಥ ಆಸ್ಪತ್ರೆಗಳಿರುವ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಒಟ್ಟಾಗಿ 40 ಔಷಧ ಕೊಂಡಾಗ ಶೇ. 23ರಿಂದ 99ರವರೆಗೆ ಉಳಿತಾಯವಾಯಿತು. ಆ ದರ ಖಾಸಗಿ ಚಿಕ್ಕ ಕ್ಲಿನಿಕ್ಕಿಗೆ ಸಿಗದು, ಆದರೆ ಅಲ್ಲಿಗೆ ಹೋಗುವ ರೋಗಿಗೆ ಸಿಗುತ್ತದೆ. ಎಚ್‌ಎಲ್‌ಎಲ್ ಎಂಬ ಕೇಂದ್ರ ಸರ್ಕಾರಿ ಕಂಪನಿ ನಡೆಸುವ ಅಮೃತ್ ಫಾರ್ಮಸಿಯಲ್ಲಿ ಚೀಟಿ ತೋರಿಸಿ ಯಾರೂ ಕೊಳ್ಳಬಹುದು. ಜನೌಷಧಿಯಲ್ಲಿ ಲೆಟ್ರೊಜೋಲ್, ಕ್ಯಾಪೆಸಿಟಾಬಿನ್, ಇಮ್ಯಾಟಿನಿಬ್ ಥರದ ಮಾತ್ರೆ ಇವೆ. 2025ರ ಸೆಪ್ಟೆಂಬರ್ 22ರಿಂದ ಔಷಧದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ಡರಾಟುಮುಮ್ಯಾಬ್, ಅಟೆಜೊಲಿಜುಮ್ಯಾಬ್, ಅಲೆಕ್ಟಿನಿಬ್ ಸೇರಿ 33 ಔಷಧಗಳಿಗೆ ಪೂರ್ತಿ ಸೊನ್ನೆ. ಹಳೆಯ ಸ್ಟಾಕಾದರೂ ಹೊಸ ತೆರಿಗೆಯ ಲೆಕ್ಕದಲ್ಲೇ ಬಿಲ್ ಆಗಬೇಕು. ಎಂಆರ್‌ಪಿ ಹೆಚ್ಚು ಅನ್ನಿಸಿದರೆ ಎನ್‌ಪಿಪಿಎಯ ಫಾರ್ಮಾ ಸಹಿ ದಾಮ್ ಆ್ಯಪಿನಲ್ಲಿ ನೋಡಿ.

ಉತ್ತರ 6: ಪ್ಯಾಲಿಯೇಟಿವ್_ನರ್ಸ್

ಯಾರೂ ನೋವು ಶಮನದ ಮಾರ್ಫಿನ್ ಹೆಸರೆತ್ತಲಿಲ್ಲ. ಫಾರಂ 20, 21 ಇದ್ದರಷ್ಟೇ ಸಾಲದು. ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಅಗತ್ಯ ಮಾದಕ ಔಷಧಗಳಿಗೆ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎಂಬ ಒಂದೇ ಮಾನ್ಯತೆ ಸಾಕು, ಅದನ್ನು ರಾಜ್ಯದ ಔಷಧ ನಿಯಂತ್ರಕರು ಕೊಡುತ್ತಾರೆ. ನೋವು ಶಮನದ ತರಬೇತಿ ಪಡೆದ ವೈದ್ಯರು ಇರಬೇಕು, ಬೀಗದ ಕಪಾಟು, ದಿನದ ರಿಜಿಸ್ಟರು, ವರ್ಷದ ಅಂದಾಜು ಬೇಕು. ಲೈಸೆನ್ಸ್ ಅರ್ಜಿಯ ಜೊತೆಯಲ್ಲೇ ಇದಕ್ಕೂ ಹಾಕಿ. ಕೀಮೊ ಸಿಗುವ ಊರಿನಲ್ಲಿ ಹತ್ತು ಎಂಜಿ ಮಾರ್ಫಿನ್ ಮಾತ್ರೆ ಸಿಗದೆ ನರಳುವವರು ಇನ್ನೂ ಇದ್ದಾರೆ.

ಡೇಕೇರ್_ನಿರ್ವಹಣೆ

ಕೊನೆಯ ಒಂದು ಪ್ರಶ್ನೆ. ಎಲ್ಲ ಎಚ್ಚರ ವಹಿಸಿದ ಮೇಲೂ ಯಾವುದೋ ವಯಲ್ ಬಗ್ಗೆ ಅನುಮಾನ ಬಂದರೆ?

ಉತ್ತರ 7: ಆಂಕೊ_ಫಾರ್ಮಸಿ

ಹಾಕುವುದನ್ನು ನಿಲ್ಲಿಸಿ. ವಯಲ್ಲು, ಪೆಟ್ಟಿಗೆ, ಒಳಗಿನ ಕರಪತ್ರ, ಬಿಲ್ಲು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ‘ಬಳಸಬೇಡಿ’ ಎಂದು ಬರೆದು ಅದರ ಉಷ್ಣಾಂಶದಲ್ಲೇ ಬೇರೆಯಾಗಿಡಿ. ಸ್ಟಾಕಿಸ್ಟರಿಗೆ ವಾಪಸ್ ಕೊಡಬೇಡಿ. ಕೊಟ್ಟರೆ ಸಾಕ್ಷ್ಯವೂ ಹೋಗುತ್ತದೆ, ಅದೇ ಮಾಲು ಇನ್ನೊಂದು ಊರಿಗೂ ಹೋಗಬಹುದು. ಅದೇ ಬ್ಯಾಚಿನ ಉಳಿದ ವಯಲ್ ಯಾರಿಗೆ ಹಾಕಿದ್ದೀರಿ ಎಂದು ಫೈಲುಗಳಿಂದ ತೆಗೆಯಿರಿ. ಪೆಟ್ಟಿಗೆಯ ಮೇಲಿನ ಕಂಪನಿಗೆ ಆರು ಬದಿಯ ಫೋಟೋ, ಬ್ಯಾಚ್ ನಂಬರು ಕಳಿಸಿ. ಆ ಬ್ಯಾಚು ಭಾರತಕ್ಕೆ ಬಂದಿತ್ತೇ, ಎಕ್ಸ್‌ಪೈರಿ ಅದೇ ಹೌದೇ ಎನ್ನುವುದನ್ನು ಅವರು ಹೇಳಬಲ್ಲರು. ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಎಂಬ ಕ್ಯಾನ್ಸರ್ ಔಷಧದ ನಕಲಿ ಬಗ್ಗೆ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ ಬಂದಾಗ ಭಾರತ ಸೇರಿ ನಾಲ್ಕು ದೇಶಗಳಲ್ಲಿ ಕನಿಷ್ಠ ಎಂಟು ಬ್ಯಾಚ್ ನಂಬರುಗಳ ನಕಲಿ ಸಿಕ್ಕಿತ್ತು. ಎಚ್ಚರಿಕೆಯ ಜೊತೆ ಬಂದ ಬ್ಯಾಚ್ ಪಟ್ಟಿಯನ್ನು ಸ್ಟಾಕಿನೊಡನೆ ತಾಳೆ ನೋಡಲು ಸಾಧ್ಯವಾದದ್ದು ಬ್ಯಾಚು ಬರೆದಿಟ್ಟವರಿಗೆ ಮಾತ್ರ.

ಅದೇ ದಿನ ನಿಮ್ಮ ಡ್ರಗ್ಸ್ ಇನ್‌ಸ್ಪೆಕ್ಟರಿಗೆ ಲಿಖಿತವಾಗಿ ತಿಳಿಸಿ, ಅವರು ಕಾನೂನಿನ ಪ್ರಕಾರ ಸ್ಯಾಂಪಲ್ ತೆಗೆಯುತ್ತಾರೆ. ರೋಗಿಯ ಕಡೆಯವರೂ ಸುಮ್ಮನಿರಬೇಕಿಲ್ಲ. ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಯಾರಾದರೂ ತಾವು ಕೊಂಡ ಔಷಧವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರ ಬಳಿ ಪರೀಕ್ಷೆ ಮಾಡಿಸಬಹುದು, ಅರ್ಜಿ ಫಾರಂ 14ಎ. ಈಗಾಗಲೇ ಹಾಕಿದ ಡೋಸಿನಿಂದ ಜ್ವರ, ನಡುಕ, ಉಸಿರಾಟದ ತೊಂದರೆಯಂಥ ಅನಿರೀಕ್ಷಿತ ಪರಿಣಾಮ ಆಗಿದ್ದರೆ ಬ್ಯಾಚ್ ನಂಬರಿನೊಡನೆ ಔಷಧ ಜಾಗೃತಿ ಕಾರ್ಯಕ್ರಮದ 1800-180-3024ಕ್ಕೆ ವರದಿ ಮಾಡಿ.